ಇರೋಣ

ಇಂದು ದಸರೆಯ ನಸುಕಿನಲ್ಲಿ ಬನ್ನಿ ಗಿಡಕ್ಕೆ ನೀರು ಹಾಕಿ ಮನೆಗೆ ಬರುತ್ತಿದ್ದೆ. ನಮ್ಮ ಓಣಿಯ ತಿರುವಿನಲ್ಲಿ, ನನ್ನ ಕಣ್ಣೆದುರಿಗೇ, ಒಬ್ಬ ಹುಡುಗಿ ಸ್ಕೂಟಿ ಸಮೇತ ಜಾರಿ ಬಿದ್ದಳು. ಮಳೆ ಬಂದಿರಲಿಲ್ಲ, ಅಲ್ಲಿ ತಗ್ಗೂ ಇರಲಿಲ್ಲ. ನಿನ್ನೆ ಖಂಡೆಪೂಜೆಗೆ ಯಾರೋ ಒಡೆದ ಬೂದುಗುಂಬಳದ ತಿರುಳು, ಬೀಜ, ಕುಂಕುಮ ಎಲ್ಲ ಇಬ್ಬನಿಗೆ ನೆನೆದು ಲೋಳೆಯಾಗಿ ರಸ್ತೆಯ ನಡುವೆ ಹರಡಿತ್ತು. ಹುಡುಗಿಯ ಮೊಣಕಾಲು ತರಚಿತ್ತು. ಹಿಡಿದು ಎಬ್ಬಿಸಿದೆ. "ಡ್ಯೂಟಿಗೆ ತಡಾ ಆಗೇತ್ರಿ" ಎಂದಷ್ಟೇ ಹೇಳಿ ಗಾಡಿ ಎತ್ತಿಕೊಂಡು ಹೊರಟಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅವಳು ಬೈದಿದ್ದರೆ ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯುತ್ತಿತ್ತು. ಈಗ ಅದು ನನ್ನ ಜೊತೆ ಮನೆಗೆ ಬಂತು.

ನಾನಿನ್ನೂ ತಿರುವಿನಲ್ಲೇ ನಿಂತಿದ್ದಾಗ ಕಸ ಗುಡಿಸುವಾಕೆ ಬಂದಿದ್ದಳು. "ಅಕ್ಕೋರ, ಒಂಚೂರು ಬದಿಗೆ ನಿಂದರ್ರಿ" ಎಂದು ಬಾಗಿ ಹೋಳುಗಳನ್ನು ಬುಟ್ಟಿಗೆ ತುಂಬತೊಡಗಿದಳು. ನಾಲ್ಕು ಓಣಿಯಲ್ಲಿ ಹದಿನೆಂಟು ಕಾಯಿ ಎತ್ತಿದ್ದಾಳಂತೆ. ಲಿಂಬಿಹಣ್ಣಿಗೆ ಲೆಕ್ಕವೇ ಇಲ್ಲವಂತೆ. "ಇವತ್ತ ನಿನಗೂ ಹಬ್ಬ ಅಲ್ಲೇನವಾ?" ಎಂದೆ. "ಐತ್ರಿ. ಇದು ಮುಗದ ಮ್ಯಾಲ" ಎಂದಳು.

ಕಾಯಿ ಒಡೆದವನು ಬಹಳ ದೂರದವನಲ್ಲ. ಎರಡು ಮನೆ ಆಚೆಯ ಹುಡುಗ, ಆಟೋ ಓಡಿಸುತ್ತಾನೆ, ನಾಲ್ಕನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲೇ ಕಲಿತವನು. ಕರೆದು ಕೇಳಿದೆ. ಅವನು ಮುಚ್ಚಿಡಲಿಲ್ಲ. "ದೃಷ್ಟಿ ಆಗಬಾರದಲ್ರಿ ಅಕ್ಕೋರ. ವರ್ಷಾನಗಟ್ಲೆ ಗಾಡಿ ಸುರಕ್ಷಿತ ಇರ್ಲಿ ಅಂತ ಒಡದೇನ್ರಿ." ಹುಡುಗಿ ಬಿದ್ದದ್ದು ಹೇಳಿದಾಗ ಮುಖ ಸಪ್ಪಗಾಯಿತು. ಎರಡು ಬಕೆಟ್ ನೀರು ತಂದು ತಿರುವನ್ನು ತೊಳೆದ. ಒಳ್ಳೆಯ ಹುಡುಗ. ನಡುರಸ್ತೆಯಲ್ಲಿ ಕಾಯಿ ಒಡೆಯಬಾರದು ಎಂಬುದನ್ನು ನಾನಿಲ್ಲಿ ವಿವರಿಸುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಮಾತು. ನನ್ನ ತಲೆಯಲ್ಲಿ ಉಳಿದದ್ದು ಅವನ ಒಂದು ಶಬ್ದ: "ಇರ್ಲಿ."

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ವ್ಯಾಕರಣ ಕಲಿಸಿದವಳು ನಾನು. ಕ್ರಿಯಾಪದದ ವಿಧ್ಯರ್ಥ ರೂಪ ಬಂದಾಗ ಫಳಿಯ ಮೇಲೆ ಬರೆಸುತ್ತಿದ್ದೆ: ಆಶೀರ್ವಾದ, ಅಪ್ಪಣೆ, ಆಜ್ಞೆ, ಹಾರೈಕೆ, ಈ ಎಲ್ಲಕ್ಕೂ ಒಂದೇ ರೂಪ. ಬರೆಸುವಾಗಲೆಲ್ಲ ನನಗೆ ಒಳಗೇ ಒಂದು ಸಂತೋಷ. ಹಾರೈಸುವುದಕ್ಕೂ ಅಪ್ಪಣೆ ಮಾಡುವುದಕ್ಕೂ ಕನ್ನಡ ಬೇರೆ ಬೇರೆ ರೂಪ ಮಾಡಿಕೊಳ್ಳಲಿಲ್ಲ. ಹಾಗಾದರೆ ಹಾರೈಕೆ ಎಂದರೆ ಯಾರಿಗೋ ಕೆಲಸ ಹಚ್ಚುವುದು. ಯಾರಿಗೆ ಎಂಬುದೇ ಪ್ರಶ್ನೆ. "ಗಾಡಿ ಸುರಕ್ಷಿತ ಇರಲಿ" ಎಂದರೆ ಪ್ರಥಮ ಪುರುಷ; ಕೆಲಸ ಗಾಡಿಗೆ, ಇಲ್ಲವೇ ದೇವರಿಗೆ. "ಸುಖವಾಗಿರು" ಎಂದರೆ ಮಧ್ಯಮ ಪುರುಷ. ಕೆಲಸ ಎದುರಿಗೆ ನಿಂತವನಿಗೆ. ನಮ್ಮ ಧಾರವಾಡದಲ್ಲೇ ಹುಟ್ಟಿದ ಒಂದು ದೊಡ್ಡ ಹಾರೈಕೆ ಇದೆ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ರಾ.ಹ. ದೇಶಪಾಂಡೆಯವರು ಕೊಟ್ಟ "ಸಿರಿಗನ್ನಡಂ ಗೆಲ್ಗೆ". ಗೆಲ್ಗೆ ಎಂದರೆ ಗೆಲ್ಲಲಿ. ಹಳಗನ್ನಡದ ಆ 'ಗೆ' ಪ್ರತ್ಯಯ ಕಿವಿಗೆ ಎಷ್ಟು ಗಂಭೀರ! ಆದರೂ ಗೆಲ್ಲುವ ಕೆಲಸ ಅಲ್ಲಿ ಕನ್ನಡದ್ದು. ನಮ್ಮದೆಂದು ತಿಳಿದುಕೊಂಡು ದುಡಿದದ್ದು ಆ ಹಿರಿಯರ ದೊಡ್ಡತನ.

ಇನ್ನು ಇವತ್ತು ಸಂಜೆ ಹುಬ್ಬಳ್ಳಿ-ಧಾರವಾಡದ ಪ್ರತಿ ಓಣಿಯಲ್ಲಿ ಕೇಳುವ ಮಾತು ನೋಡಿ: "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ." ಇರೋಣ! ಉತ್ತಮ ಪುರುಷ, ಬಹುವಚನ. ಕೊಡುವವನೂ ಅದರೊಳಗೆ, ತೆಗೆದುಕೊಳ್ಳುವವನೂ ಅದರೊಳಗೆ. ಸಂಕ್ರಾಂತಿಗೆ ಕುಸುರೆಳ್ಳು ಹಂಚುವಾಗಲೂ ನಮ್ಮ ಮಂದಿ ಇದೇ ರೂಪ ಹಿಡಿಯುತ್ತಾರೆ: ಎಳ್ಳು ಬೆಲ್ಲದ ಹಾಗೆ ಇರೋಣ. ನೀನು ಬಂಗಾರವಾಗು, ನಾನು ಹೇಗಿದ್ದರೂ ನಡೆಯುತ್ತದೆ ಎಂದು ಯಾವ ಅಜ್ಜಿಯೂ ಹೇಳಿಕೊಡಲಿಲ್ಲ. ಬನ್ನಿ ಎಲೆ ಕೈಗೆ ಬಂದ ಕ್ಷಣದಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೆ ರುಜು ಹಾಕಿದ ಹಾಗೆ. ನಮ್ಮ ಆಟೋ ಹುಡುಗ ನಿನ್ನೆ "ರಸ್ತೆದಾಗ ಎಲ್ಲಾರೂ ಸುರಕ್ಷಿತ ಇರೋಣ" ಎಂದುಕೊಂಡು ಕಾಯಿ ಎತ್ತಿದ್ದರೆ, ಅದನ್ನು ಎಲ್ಲಿ ಒಡೆಯಬೇಕು ಎಂದು ಅವನ ಕೈಗೇ ತಿಳಿಯುತ್ತಿತ್ತು.

ಎಲೆಗೆ ಬಂಗಾರ ಅನ್ನುವುದು ಯಾಕೆ? ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷದ ಕತೆ ಎಲ್ಲರಿಗೂ ಗೊತ್ತು. ವಿರಾಟಪರ್ವವನ್ನು ಕನ್ನಡದಲ್ಲಿ ಹಾಡಿದ ಕುಮಾರವ್ಯಾಸ ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನು; ಆ ಕತೆಯನ್ನು ಮತ್ತೆ ಹೇಳುವುದು ಬೇಡ. ಬಂಗಾರದ ಕತೆ ಬೇರೆ. ಅದು ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿದೆ. ವರತಂತು ಮುನಿಯ ಶಿಷ್ಯ ಕೌತ್ಸ ಗುರುದಕ್ಷಿಣೆ ಏನು ಕೊಡಲಿ ಎಂದು ಹಟ ಹಿಡಿದ. ನಿನ್ನ ಸೇವೆಯೇ ಸಾಕು ಎಂದರೂ ಕೇಳದಿದ್ದಾಗ ಗುರುವಿಗೆ ಸಿಟ್ಟು ಬಂತು. ಕಲಿಸಿದ ಹದಿನಾಲ್ಕು ವಿದ್ಯೆಗೆ ಹದಿನಾಲ್ಕು ಕೋಟಿ ತಾ ಎಂದ. ಕೌತ್ಸ ರಘುರಾಜನ ಹತ್ತಿರ ಬಂದರೆ, ಆತ ವಿಶ್ವಜಿತ್ ಯಾಗದಲ್ಲಿ ಇದ್ದದ್ದೆಲ್ಲ ದಾನ ಮಾಡಿ, ಅತಿಥಿಗೆ ಅರ್ಘ್ಯ ಕೊಡಲು ಮಣ್ಣಿನ ಪಾತ್ರೆ ಹಿಡಿದು ನಿಂತಿದ್ದ. ಎರಡು ಮೂರು ದಿನ ಇರು ಎಂದು ಕೌತ್ಸನನ್ನು ಉಳಿಸಿಕೊಂಡು, ಕುಬೇರನ ಮೇಲೆ ದಂಡೆತ್ತಿ ಹೋಗಲು ರಾತ್ರಿ ರಥದಲ್ಲೇ ಮಲಗಿದ. ಬೆಳಗಾಗುವುದರೊಳಗೆ ಬೊಕ್ಕಸದ ಮನೆಯಲ್ಲಿ ಹೊನ್ನಿನ ಮಳೆ ಸುರಿದಿತ್ತು. ನಮ್ಮ ಕಡೆ ಹೇಳುವ ಕತೆಯಲ್ಲಿ ಅದು ಬನ್ನಿಮರದ ಮೇಲೆ ಸುರಿಯುತ್ತದೆ.

ರಘು ಇಡೀ ರಾಶಿಯನ್ನೇ ಕೊಡಲು ನಿಂತ. ಗುರುವಿಗೆ ಸಲ್ಲುವುದಕ್ಕಿಂತ ಒಂದು ಕಾಸೂ ಹೆಚ್ಚು ಬೇಡ ಎನ್ನುವ ಮನಸ್ಸು ಕೌತ್ಸನದು. ಅಯೋಧ್ಯೆಯ ಜನ ಇಬ್ಬರನ್ನೂ ಮೆಚ್ಚಿಕೊಂಡರು. ಪುರಾಣ ಹೇಳುವವರೆಲ್ಲ ಇಲ್ಲಿ ನಿಲ್ಲಿಸುತ್ತಾರೆ. ನನಗೆ ಮಾತ್ರ ಆ ಸರ್ಗದಲ್ಲಿ ಎಲ್ಲರಿಗಿಂತ ಬೇಕಾದವರು ಬೊಕ್ಕಸದ ಕಾವಲಿನವರು. ಅವರಿಗೆ ಹೆಸರಿಲ್ಲ. ಬೆಳಗಿನ ಜಾವ ಬಾಗಿಲು ತೆರೆದರೆ, ಹಿಂದಿನ ದಿನ ಖಾಲಿ ಇದ್ದ ಕೋಣೆಯ ತುಂಬ ಹೊನ್ನು. ಯಾವ ವಹಿಯಲ್ಲೂ ಬರೆಯದ ಹೊನ್ನು, ಯಾರೂ ಎಣಿಸದ ಹೊನ್ನು. ಅವರು ಬೆರಗಾಗಿ ಓಡಿಬಂದು ದೊರೆಗೆ ವರದಿ ಒಪ್ಪಿಸಿದರು. ಇಷ್ಟೇ. ಕಾಳಿದಾಸ ಇದನ್ನು ಒಂದು ಪದ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ, ಅವರನ್ನು ಹೊಗಳುವುದೂ ಇಲ್ಲ. ಅಂಥ ರಾಜ್ಯದಲ್ಲಿ ಅದು ಹೊಗಳುವ ಸಂಗತಿಯಾಗಿರಲಿಲ್ಲ, ಅದಕ್ಕೇ! ನನ್ನ ಹಬ್ಬದ ಹಾರೈಕೆ ಆ ಕಾವಲಿನವರ ಮೇಲೆಯೇ ನಿಂತಿದೆ. ನಮ್ಮ ಎರಡು ಊರು ಸೇರಿ ಒಂದೇ ಪಾಲಿಕೆಯಾದದ್ದು 1962ರಲ್ಲಿ. ಧಾರವಾಡಕ್ಕೆ ಬೇರೆ ಪಾಲಿಕೆ ಬೇಕೆಂಬ ಬಹುಕಾಲದ ಬೇಡಿಕೆಗೆ 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಂದಿರಲಿ, ಎರಡಿರಲಿ, ಬಾಗಿಲು ತೆರೆದಾಗ ಕಂಡದ್ದನ್ನು ಕಂಡ ಹಾಗೆ ಬಂದು ಹೇಳುವವರು ಎರಡೂ ಕಡೆ ಬೇಕು.

ಆಡಳಿತ ಅಂದಾಗ ನನಗೆ ಕಚೇರಿಗಿಂತ ಮೊದಲು ಮಾಳಮಡ್ಡಿಯ ನಮ್ಮ ಹಳೆಯ ಮನೆಯ ನಳ ನೆನಪಾಗುತ್ತದೆ. ಆರು ಮನೆಗೆ ಒಂದೇ ನಳ, ಎಂಟು ದಿನಕ್ಕೊಮ್ಮೆ ನೀರು. ನಮ್ಮವ್ವನಿಗೂ ಪಕ್ಕದ ಮನೆಯ ವೈನಿಗೂ ಕೊಡದ ಪಾಳಿಯ ಮೇಲೆ ಜಗಳವಾಗಿ ಒಂದೂವರೆ ವರ್ಷ ಮಾತಿರಲಿಲ್ಲ. ದಸರೆಯ ಸಂಜೆ ಅವ್ವ ಬನ್ನಿ ಹಿಡಿದು ಅವರ ಹೊಸ್ತಿಲಿಗೆ ಹೋದಳು. ನಾನು ಸೆರಗು ಹಿಡಿದು ಹಿಂದೆ. ಅವ್ವ "ಇರೋಣ" ಅಂದಳು, ವೈನಿ "ಇರೋಣ ಬಾರs" ಅಂದರು. ಇಬ್ಬರೂ ಕಣ್ಣು ಒರೆಸಿಕೊಂಡರು. ಆದರೆ ಅವ್ವ ಅಷ್ಟಕ್ಕೆ ಎದ್ದು ಬರಲಿಲ್ಲ. ಅಲ್ಲೇ ಪಡಸಾಲೆಯಲ್ಲಿ ಕುಳಿತು, ಇನ್ನು ಮೇಲೆ ಪಾಳಿ ಹೇಗೆ ಎಂದು ಕೇಳಿದಳು. ಕೂಸು ಇರುವ ಮನೆಗೆ ಮೊದಲು, ಮನೆಯಲ್ಲಿ ಬ್ಯಾನಿ ಬಿದ್ದವರಿದ್ದರೆ ಅವರಿಗೆ ಆಮೇಲೆ, ಉಳಿದವರು ವಾರಕ್ಕೊಬ್ಬರು ಮುಂದೆ ಹಿಂದೆ ಎಂದು ಗೊತ್ತಾಯಿತು. ನಳದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದರು. ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ಯಾರಾದರೂ ಬರೆಯುತ್ತಿದ್ದರು. 2008ರಲ್ಲಿ ಊರಿನ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬರತೊಡಗಿದಾಗ ಎಲ್ಲರೂ ಬೆರಗುಪಟ್ಟರು, ನಾನೂ ಪಟ್ಟೆ. ಆದರೂ ಆ ಇದ್ದಿಲಿನ ಸಾಲುಗಳಷ್ಟು ಒಳ್ಳೆಯ ಕಾಯದೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಮತ್ತೆ ನಸುಕಿಗೆ ಬರುತ್ತೇನೆ. ನವರಾತ್ರಿಯುದ್ದಕ್ಕೂ ನಮ್ಮ ಎರಡೂ ಊರಿನ ಹೆಣ್ಣುಮಕ್ಕಳು ನಾಲ್ಕು ಗಂಟೆಗೇ ಎದ್ದು, ಆರತಿ ತಟ್ಟೆ, ನೀರಿನ ತಂಬಿಗೆ ಹಿಡಿದು, ಕತ್ತಲಲ್ಲಿ ಬನ್ನಿ ಮಹಾಕಾಳಿಯ ಪೂಜೆಗೆ ನಡೆಯುತ್ತಾರೆ. ಅಜ್ಜಿ, ಸೊಸೆ, ಕಾಲೇಜಿನ ಹುಡುಗಿ, ನಿದ್ದೆಗಣ್ಣಿನ ಕೂಸು. ನಗು, ಹಾಡು, ಬಳೆಯ ಸಪ್ಪಳ. ಆ ಹೊತ್ತಿನಲ್ಲಿ ರಸ್ತೆ ನಮ್ಮದು. ಹಿಂದೆ ಯಾರ ಹೆಜ್ಜೆ ಕೇಳಿದರೂ ತಿರುಗಿ ನೋಡುವುದಿಲ್ಲ. ಆದರೆ ಇದೇ ಹುಬ್ಬಳ್ಳಿಯಲ್ಲಿ 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಬ್ಬರು ಎಳೆಯ ಹೆಣ್ಣುಮಕ್ಕಳ ಕೊಲೆಯಾಯಿತು. ಒಬ್ಬಳದು ಕಾಲೇಜಿನ ಅಂಗಳದಲ್ಲಿ, ಇನ್ನೊಬ್ಬಳದು ತನ್ನ ಮನೆಯೊಳಗೆ, ಇದೇ ನಸುಕಿನ ಹೊತ್ತಿನಲ್ಲಿ. ಆ ವರ್ಷದ ನವರಾತ್ರಿಯಲ್ಲಿ ನಾವು ಗಿಡದ ಸುತ್ತ ತಿರುಗುವಾಗ ಹಾಡು ಹೇಳುವವರ ದನಿ ನಡುವೆ ನಿಂತುಹೋದದ್ದು ನೆನಪಿದೆ. ಅದಕ್ಕೂ ಮೊದಲು ರಸ್ತೆಯೂ ಜೀವ ತೆಗೆದಿತ್ತು: 2021ರಲ್ಲಿ ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಇಟಿಗಟ್ಟಿ ಹತ್ತಿರದ ಬೈಪಾಸಿನಲ್ಲಿ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವ ಹೋದವು. ಎರಡೇ ಪಥದ ಆ ರಸ್ತೆಯನ್ನು ಅಗಲ ಮಾಡುವ ಕೆಲಸಕ್ಕೆ ವೇಗ ಬಂದದ್ದು ಆಮೇಲೆ. ಹಬ್ಬದ ದಿನ ಇವನ್ನೆಲ್ಲ ಬರೆಯಬಾರದು ಎನ್ನುವವರಿದ್ದಾರೆ. ಹಬ್ಬದ ದಿನ ನೆನೆಯದಿದ್ದರೆ ಯಾವಾಗ ನೆನೆಯುವುದು? ಈ ಹತ್ತು ನಸುಕಿನ ನಿರ್ಭಯ ಉಳಿದ ಮುನ್ನೂರೈವತ್ತೈದಕ್ಕೂ ಸಿಗಬೇಕು. ಡ್ಯೂಟಿಗೆ ಹೊರಟ ಹುಡುಗಿಗೆ, ಪೊರಕೆ ಹಿಡಿದ ಆಕೆಗೆ, ಬಸ್ಸಿಗೆ ನಿಂತವಳಿಗೆ.

ಸಂಜೆ ಆಟೋ ಹುಡುಗ, ಕಸ ಗುಡಿಸುವಾಕೆ, ಇಬ್ಬರ ಮನೆಗೂ ಬನ್ನಿ ಕೊಡಲು ಹೋಗಬೇಕು ಎಂದುಕೊಂಡಿದ್ದೇನೆ. ಕಸ ಗುಡಿಸುವಾಕೆಯ ಮನೆ ಎಲ್ಲಿದೆ ಎಂದು ಮುಂಜಾನೆ ಕೇಳಿಕೊಂಡೆ. ಇಷ್ಟು ವರ್ಷ ಕೇಳಿರಲಿಲ್ಲ. ಆಟೋ ಹುಡುಗ ತಾನೇ ಬಂದು "ನಾನs ಕರಕೊಂಡ ಹೋಗತೇನ್ರಿ ಅಕ್ಕೋರ" ಎಂದಿದ್ದಾನೆ.

ಅದಕ್ಕೆ ಮೊದಲು ಒಂದು ಕೆಲಸ ಉಳಿದಿದೆ. ಬನ್ನಿಯ ಟೊಂಗೆಗೆ ಸಣ್ಣ ಸಣ್ಣ ಮುಳ್ಳು. ಅವಸರದಲ್ಲಿ ಮುರಿದು ತಂದದ್ದನ್ನು ಹಾಗೇ ಕೊಟ್ಟರೆ ತೆಗೆದುಕೊಂಡವರ ಬೆರಳಿಗೆ ಚುಚ್ಚುತ್ತದೆ. ಅವ್ವ ದಸರೆಯ ಮಧ್ಯಾಹ್ನ ಊಟವಾದ ಮೇಲೆ ಮೊರ ಮುಂದಿಟ್ಟುಕೊಂಡು ಒಂದೊಂದೇ ಎಸಳಿನ ಮುಳ್ಳು ಬಿಡಿಸುತ್ತಿದ್ದಳು, ಊರಿನವರೆಲ್ಲರ ಪಾಲಿನದೂ. ಮೊರ ತಂದು ಕುಳಿತಿದ್ದೇನೆ. ಟೊಂಗೆ ಬಹಳ ಇವೆ, ಕನ್ನಡಕ ಎಲ್ಲಿಟ್ಟೆನೋ ನೋಡಬೇಕು.