ನೂರು ಸಲ ಮೈಸೂರು-ಬೆಂಗಳೂರು

"ನೀನಿರೋ ಊರು ಎಷ್ಟು ದೂರ ಮಗಾ?" ನಾನು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಹೊಸದರಲ್ಲಿ ಅವ್ವ ಫೋನಲ್ಲಿ ಕೇಳಿದ್ದಳು. ಬೆಂಗಳೂರಿಂದ ಇಲ್ಲಿಗೆ ಅತಿ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್. ಬೆಟ್ಟದಪುರದಲ್ಲಿ ಕೂತ ಅವ್ವನಿಗೆ ಆ ಲೆಕ್ಕ ಹೇಳಿ ಏನು ಪ್ರಯೋಜನ? "ಮೈಸೂರಿಂದ ಬೆಂಗಳೂರಿಗೆ ನೂರು ಸಲ ಹೋದಷ್ಟು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದಾರೀಲಿ ಊಟಕ್ಕೇನು ಮಾಡ್ತೀಯ?" ಅಂದಳು.

2019ರಲ್ಲಿ ಅಪ್ಪ ಹೋದರು. ಅಣ್ಣನ ಫೋನ್ ಬಂದಾಗ ಊರಲ್ಲಿ ರಾತ್ರಿ ಒಂದು ಗಂಟೆ, ನನಗಿಲ್ಲಿ ಮಟಮಟ ಮಧ್ಯಾಹ್ನ. "ಎಷ್ಟೊತ್ತಿಗೆ ಬರ್ತೀಯ? ಜನ ಕೇಳ್ತಾವ್ರೆ" ಅಂದ. ಆಗ ನೇರ ವಿಮಾನ ಇರಲಿಲ್ಲ. ನಡುವೆ ಇಳಿದು ಹತ್ತಿ, ಬೆಂಗಳೂರಿಂದ ಕಾರು ಹಿಡಿದರೆ ಒಂದೂವರೆ ದಿನ. "ಕಾಯಬೇಡ ಕಣಣ್ಣ" ಅಂದೆ. ಹದಿನೈದು ಗಂಟೆಯೊಳಗೆ ಮಣ್ಣಾಯಿತು. ನಾನು ಹಾಲುತುಪ್ಪಕ್ಕೆ ಸಿಕ್ಕೆ.

2021ರ ಜನವರಿ 9, ಶನಿವಾರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಇಲ್ಲಿಂದ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳೇ. ಉತ್ತರ ಧ್ರುವದ ಮೇಲೆ ಹಾರಿ ಸೋಮವಾರ ನಸುಕಿಗೆ ಇಳಿದರು. ಹದಿಮೂರೂವರೆ ಗಂಟೆಯ ಸಮಯದ ವ್ಯತ್ಯಾಸವೂ ಸೇರಿ, ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಗಿತ್ತು! ಆ ಸುದ್ದಿ ಓದಿ ಖುಷಿಯಾಗಲಿಲ್ಲ, ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಎರಡು ವರ್ಷ ಮೊದಲೇ ಬರಬಾರದಿತ್ತೇ?

ಮುಂದಿನ ಸಲ ಊರಿಗೆ ಹೋದಾಗ ಅವ್ವನಿಗೆ ಒಂದೇ ಅನುಮಾನ: "ಅಮೆರಿಕ ಸೂರ್ಯ ಮುಳುಗೋ ಕಡೆ ಅಂತಿದ್ದೆ, ವಿಮಾನ ಯಾಕೆ ಉತ್ತರಕ್ಕೆ ಹೋಯ್ತದೆ?" ಮೂಸಂಬಿ ತಗೊಂಡು ಎರಡು ಕಡೆ ಪೆನ್ನಿನ ಚುಕ್ಕಿ ಇಟ್ಟು, ದಾರ ಬಿಗಿಹಿಡಿದು ತೋರಿಸಿದೆ. ಗೋಡೆಯ ಮ್ಯಾಪಲ್ಲಿ ನೇರ ಕಾಣೋ ದಾರಿ ನಿಜಕ್ಕೂ ಬಳಸು. ಭೂಮಿ ಗುಂಡಗಿರೋದರಿಂದ, ಮೇಲೆ ಹಿಮದ ಸೀಮೆ ಕಡೆ ಹತ್ತಿ ಇಳಿಯೋದೇ ಹತ್ತಿರ. ಅವ್ವ ದಾರವನ್ನು ತಾನೇ ಹಿಡಿದು ನೋಡಿ, "ನಮ್ಮ ಬೆಟ್ಟದಂಗೇ ಬಿಡು. ಬಳಸೋದಕ್ಕಿಂತ ಹತ್ತಿ ಇಳಿಯೋದೇ ಸಲೀಸು" ಅಂದಳು.

ಆಮೇಲೆ ನಾನು ಒಳಗಿದ್ದ ಮಾತನ್ನು ಆಡಿಬಿಟ್ಟೆ: "ಆಗ ಈ ವಿಮಾನ ಇದ್ದಿದ್ರೆ ಅಪ್ಪನ ಮುಖ ನೋಡ್ತಿದ್ದೆ."

ಹೇಳುತ್ತಲೇ ಮನಸ್ಸು ಲೆಕ್ಕ ಹಾಕಿತು. ಆಕಾಶದಲ್ಲಿ ಹದಿನೇಳು ಗಂಟೆ. ಏರ್‌ಪೋರ್ಟಿಗೆ ಮೂರು ಗಂಟೆ ಮೊದಲೇ ಹೋಗಬೇಕು. ಇಳಿದ ಮೇಲೆ ಊರಿಗೆ ಐದಾರು ಗಂಟೆ. ಆಗಲೂ ಸಿಗುತ್ತಿರಲಿಲ್ಲ. ಎರಡು ವರ್ಷ ವಿಮಾನದ ಮೇಲೆ ಹೊರಿಸಿದ್ದ ತಪ್ಪು ಅದರದ್ದಾಗಿರಲಿಲ್ಲ. ಅಪ್ಪ ಹೋಗುವ ಮುಂಚಿನ ಮೂರು ವರ್ಷ ನಾನು ಒಂದು ಸಲವೂ ಊರಿಗೆ ಬಂದಿರಲಿಲ್ಲ.

ಅವ್ವ ಮೂಸಂಬಿ ಸುಲಿದು ಅರ್ಧ ನನ್ನ ಕೈಗಿಟ್ಟಳು. "ನಾನಿರೋವಾಗಲೇ ಬಂದು ಹೋಗ್ತಾ ಇರು. ಆಮೇಲೆ ಬೇಗ ಬಂದು ಏನ್ಮಾಡ್ತೀಯ?"

ಈಗ ವರ್ಷಕ್ಕೊಮ್ಮೆ, ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯೋ ಆಗಸ್ಟ್‌ನಲ್ಲಿ, ರಜೆ ಹಾಕ್ತೀನಿ. ನೇರ ವಿಮಾನವೇ ಆಗಬೇಕೆಂದು ಕಾಯುತ್ತಾ ಕೂರಲ್ಲ.