ನೋವು ಹೋಯಿತು, ರೋಗ ಹೋಗಲಿಲ್ಲ

ನಮ್ಮ ಉಮ್ಮ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಾ ಬಂದವರು. ಕಳೆದ ವರ್ಷ ಬೆಳಗ್ಗೆ ಎದ್ದರೆ ಒಂದು ಗಂಟೆಯವರೆಗೂ ಬೆರಳು ಮಡಚಲಾಗುತ್ತಿರಲಿಲ್ಲ. ರುಮಟಾಯ್ಡ್ ಸಂಧಿವಾತವೆಂದ ವೈದ್ಯರು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟು, ಊದಿದ ಮಣಿಕಟ್ಟಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿದರು. ನಾಲ್ಕೇ ದಿನದಲ್ಲಿ ಉಮ್ಮ ಮತ್ತೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕುಳಿತರು. “ನೋವೇ ಇಲ್ಲ ಮಗಳೇ, ಇನ್ನು ಮಾತ್ರೆ ಯಾಕೆ?” ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹಳೆಯದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಇದೇ ರೋಗದ ಮಹಿಳೆಯೊಬ್ಬರಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ನಡೆಯಲು ಕಷ್ಟಪಡುತ್ತಿದ್ದ ಆಕೆ ಕೆಲವೇ ದಿನಗಳಲ್ಲಿ ಓಡಾಡಿದರು. 1950ರಲ್ಲಿ ಹೆಂಚ್ ಹಾಗೂ ಇನ್ನಿಬ್ಬರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಮದ್ದು ನಿಲ್ಲಿಸಿದರೆ ನೋವು ಮರಳುತ್ತಿತ್ತು.

ಗಂಟಿಗೆ ಹಾಕುವ ಸೂಜಿ ಊತವನ್ನು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ತಗ್ಗಿಸುತ್ತದೆ. ಗಂಟು ಸವೆಯದಂತೆ ತಡೆಯುವ ಕೆಲಸ ಆ ಮಾತ್ರೆಯದು. ಒಂದೇ ಗಂಟಿಗೆ ಮೂರು ತಿಂಗಳೊಳಗೆ ಮತ್ತೆ ಸೂಜಿ ಹಾಕಲು ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಬಹುದು. ಉಮ್ಮನಿಗೂ ಏರಿತು.

ಇದನ್ನೆಲ್ಲ ವಿವರಿಸಿದಾಗ ಉಮ್ಮ ಮಾತ್ರೆಗೆ ಒಪ್ಪಿದರು, ವಿಶ್ರಾಂತಿಗೆ ಒಪ್ಪಲಿಲ್ಲ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಕೈ ನಿಂತರೆ ಕೂಲಿಯೂ ನಿಂತಿತು. ನೋವು ಕಂಡರೆ ಮನೆಯವರು ಕೆಲಸ ಬಿಡಿಸುತ್ತಾರೆ. ನೋವಿಲ್ಲದ ಕೈಯನ್ನು ಯಾರು ತಡೆಯುತ್ತಾರೆ?

ಬೀಡಿ ಕಟ್ಟುವ ತಾಯಂದಿರಿರುವ ಮನೆಗಳಲ್ಲಿ ನೋವು ಹೇಗಿದೆ ಎಂದು ಕೇಳಿದರೆ ಸಾಲದು. ಈ ವಾರದ ಮಾತ್ರೆ ನುಂಗಿದಿರಾ ಎಂದೂ ಕೇಳಬೇಕು. ತಡ್ಪೆಯನ್ನು ಒಂದಷ್ಟು ಹೊತ್ತು ನಮ್ಮ ಮಡಿಲಿಗೆ ತೆಗೆದುಕೊಳ್ಳಬೇಕು.