ಹಂಪೆಯಲ್ಲೊಂದು ಟಂಕಾರ

ವಿಜಯವಿಠ್ಠಲ ದೇವಾಲಯದ ಮಹಾಮಂಟಪದ ಮುಂದೆ ಮೊಮ್ಮಗ ನನ್ನ ಕೈ ಜಗ್ಗಿ, “ತಾತ, ಈ ಕಂಬಗಳು ಹಾಡುತ್ತವಂತೆ. ಒಂದು ಸಲ ಬಾರಿಸಿ ತೋರಿಸಿ” ಎಂದ. ತೋರಿಸುವಂತಿರಲಿಲ್ಲ. ಕಂಬಗಳನ್ನು ತಟ್ಟಬಾರದೆಂಬ ಕಟ್ಟಳೆ ಬಂದು ವರ್ಷಗಳೇ ಸಂದಿವೆ. ಹುಡುಗನ ಮುಖ ಸಣ್ಣದಾಯಿತು, ನನಗೆ ನಾಚಿಕೆಯಾಯಿತು. ಕಾಲೇಜಿನ ದಿನಗಳಲ್ಲಿ ಇಲ್ಲಿಯ ಕಂಬದ ಮೈಗೆ ರೂಪಾಯಿ ನಾಣ್ಯದಿಂದ ಹೊಡೆದು ತಲೆದೂಗಿದವರಲ್ಲಿ ನಾನೂ ಒಬ್ಬ. ಆ ಸವೆತದಲ್ಲಿ ನನ್ನ ಪಾಲೂ ಉಂಟು.

“ದನಿ ಹೇಗಿತ್ತು?” ಎಂದ.

“ಕಲ್ಲಿನದಲ್ಲ ಮಗು, ಕಂಚಿನ ದನಿ. ಟಂಕಾರ.”

“ಹಾಗೆಂದರೆ?”

ಈ ಪ್ರಶ್ನೆಗೆ ಉತ್ತರ ಹೇಳಲು ಹಂಪೆಗಿಂತ ಒಳ್ಳೆಯ ಸ್ಥಳ ಇನ್ನೊಂದಿರಲಾರದು. ‘ಓಂ’ ಎನ್ನುವುದು ಓಂಕಾರ, ‘ಹೂಂ’ ಎನ್ನುವುದು ಹೂಂಕಾರ. ಹಾಗೆಯೇ ‘ಟಂ’ ಎನ್ನುವುದು ಟಂಕಾರ. ನಮ್ಮ ಕವಿಗಳು ಅದನ್ನು ಹೆಚ್ಚಾಗಿ ಬಿಲ್ಲಿನ ಹೆದೆಗೆ ಕೊಟ್ಟರು. ಆದರೆ ಲೋಹದ ಮೊಳಗಿಗೂ ಅದು ಸಲ್ಲುತ್ತದೆ. ಅದರ ನೆರೆಮನೆಯ ಮಾತು ‘ಟಂಕ’. ಅಮರಕೋಶದಲ್ಲಿ ಟಂಕವೆಂದರೆ ಕಲ್ಲನ್ನು ಸೀಳುವ ಉಳಿ. ಉಳಿಯ ತಲೆಯ ಮೇಲೆ ಸುತ್ತಿಗೆ ಬಿದ್ದುದನ್ನು ಕೇಳಿದವರಿಗೆ ಈ ಹೆಸರಿನ ಮೂಲವನ್ನು ಪಂಡಿತರು ಹೇಳಬೇಕಾಗಿಲ್ಲವೆಂದು ನನ್ನ ನಂಬಿಕೆ. ಹಂಪೆಯ ಬಂಡೆಗಳ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಕಾಣುವ ಗುಳಿಗಳು ಆ ಉಳಿಯ ಗುರುತುಗಳೇ. ಈ ಹಾಡುವ ಕಂಬಗಳನ್ನು ಬಿಡಿಸಿದ್ದೂ ಅದೇ. ಕಂಬಗಳ ಒಳಗೆ ಪೊಳ್ಳಿದೆಯೆಂದು ನಾವು ಆಗ ವಾದಿಸಿದ್ದೆವು. ಇಲ್ಲ; ಅವು ಗಟ್ಟಿ ಕಲ್ಲೆಂದು ಕಲ್ಪಾಕ್ಕಂನ ವಿಜ್ಞಾನಿಗಳ ಪರೀಕ್ಷೆ ತೋರಿಸಿದೆ. ೨೦೦೮ರಲ್ಲಿ ಅದು ಪ್ರಕಟವಾಯಿತು. ತೆಳುವಾದ ಕಿರುಗಂಬ ತಟ್ಟಿದೊಡನೆ ಕಾಣದಷ್ಟು ಬಾಗಿ ಕಂಪಿಸುತ್ತದೆ, ಅಷ್ಟೆ.

ಮಧ್ಯಾಹ್ನ ಅರಮನೆಯ ಆವರಣದ ಕಡೆಗೆ ಬಂದೆವು. ಅಲ್ಲಿ ಟಂಕಸಾಲೆಯೆಂದು ಕರೆಯುವ, ಎತ್ತರದ ಗೋಡೆಗಳ ಒಂದು ಎಡೆಯಿದೆ. ಟಂಕವೆಂದರೆ ಬೆಳ್ಳಿಯ ಒಂದು ತೂಕ, ಮುದ್ರೆಯೊತ್ತಿದ ನಾಣ್ಯವೂ ಹೌದು. ೧೪೪೩ರಲ್ಲಿ ಇಲ್ಲಿಗೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನು, ರಾಜ್ಯದ ಕಂದಾಯವೆಲ್ಲ ಟಂಕಸಾಲೆಗೆ ಬಂದು ಬೀಳುತ್ತಿತ್ತೆಂದೂ, ಬೊಕ್ಕಸದಿಂದ ಹಣ ಬರಬೇಕಾದವರಿಗೆ ಟಂಕಸಾಲೆಯ ಮೇಲೆ ಚೀಟಿ ಕೊಡುತ್ತಿದ್ದರೆಂದೂ ಬರೆದಿದ್ದಾನೆ. ಅವನು ಕಂಡ ನಾಣ್ಯಗಳು ವರಾಹ, ಪ್ರತಾಪ, ಪಣ. ತಮಾಷೆಯೆಂದರೆ, ಇವುಗಳಲ್ಲಿ ಒಂದರ ಹೆಸರೂ ಟಂಕವಲ್ಲ! ಆ ಹೆಸರಿನ ಬೆಳ್ಳಿ ನಾಣ್ಯ ಓಡಾಡಿದ್ದು ದೆಹಲಿಯ ಸುಲ್ತಾನರ ಕಾಲದಲ್ಲಿ. ಅಕ್ಕಸಾಲಿಗರ ಬಿಳಿಗಾರಕ್ಕೂ ಸಂಸ್ಕೃತದಲ್ಲಿ ಟಂಕಣವೆಂದೇ ಹೆಸರು.

ನನ್ನ ಬಾಲ್ಯದಲ್ಲಿ ಅಂಗಡಿಯ ಶೆಟ್ಟರು ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ, ಕಿವಿಗೊಟ್ಟು ಕೇಳಿ, ಆಮೇಲೆ ಗಲ್ಲಕ್ಕೆ ಹಾಕುತ್ತಿದ್ದರು. ಠಣ್ ಎಂದರೆ ಒಳ್ಳೆಯದು. ಮಂಕಾಗಿ ಸದ್ದು ಮಾಡಿದರೆ ಖೋಟಾ.

ಸಂಜೆ ಹೊಸಪೇಟೆಯ ಬಸ್ಸಿನಲ್ಲಿ ಜೇಬಿನಿಂದ ನೂರರ ನೋಟೊಂದನ್ನು ತೆಗೆದು, ಅದರ ಬೆನ್ನಿನ ಮೇಲಿರುವ ಭಾಷೆಗಳ ಪಟ್ಟಿಯನ್ನು ತೋರಿಸಿದೆ. ಕನ್ನಡದಲ್ಲಿ ರೂಪಾಯಿ, ಬಂಗಾಳಿಯಲ್ಲಿ ಟಾಕಾ, ಒಡಿಯಾದಲ್ಲಿ ನೇರವಾಗಿ ಟಂಕಾ. ಬಾಂಗ್ಲಾದೇಶದ ಹಣವೂ ಟಾಕಾ. ಹುಡುಗ ನೋಟನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿದ. ಚರಚರ ಎಂದಿತು.

“ಇದು ಹಾಡುವುದಿಲ್ಲ ತಾತ” ಎಂದು ಹಿಂದಕ್ಕೆ ಕೊಟ್ಟು, ಐದು ರೂಪಾಯಿಯ ನಾಣ್ಯವೊಂದನ್ನು ಕೇಳಿ ಪಡೆದು, ಮುಂದಿನ ಸೀಟಿನ ಕಬ್ಬಿಣದ ಕಂಬಿಗೆ ಬಡಿದ. ಕಂಡಕ್ಟರು ಹಿಂದಿರುಗಿ ನೋಡಿದ.